ಹಿರೇತನ ಮತ್ತು ಗ್ಯಾಸಬತ್ತಿ

ನಮ್ಮ ಹಾವೇರಿ ಸೀಮೆಯಲ್ಲಿ ಮಳೆಗೆ ಬರ ಬಿದ್ದದ್ದುಂಟು, ಮುಖಂಡರಿಗೆ ಬರ ಬಿದ್ದದ್ದಿಲ್ಲ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರು ಹೊಸರಿತ್ತಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರೆ ಸಾಕು. ಊರು ಮುಟ್ಟುವುದರೊಳಗೆ ಯುವ ಮುಖಂಡರು, ಹಿರಿಯ ಮುಖಂಡರು, ರೈತ ಮುಖಂಡರು, ಸಮಾಜದ ಮುಖಂಡರು ಎಲ್ಲರೂ ಫ್ಲೆಕ್ಸಿನೊಳಗಿಂದ ಕೈಮುಗಿದು ನಿಮ್ಮನ್ನು ಮನೆತನಕ ಕಳಿಸಿ ಬರುತ್ತಾರೆ. ದೀಪಾವಳಿಗೆ ಅದೇ ಕಂಬಗಳಿಗೆ ಹೋರಿಗಳ ಫ್ಲೆಕ್ಸ್ ಏರುತ್ತವೆ. ಹೋರಿ ಬೆದರಿಸುವ ಸ್ಪರ್ಧೆಯ ಆ ನಾಯಕರಿಗೂ ಬಿರುದುಗಳುಂಟು, ಅಭಿಮಾನಿ ಬಳಗವುಂಟು, ಕೊರಳಿಗೆ ಕೊಬ್ಬರಿ ಹಾರವುಂಟು. ಭಾಷಣ ಮಾತ್ರ ಇಲ್ಲ. ಅವುಗಳ ಜನಪ್ರಿಯತೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದಕ್ಕೆ ಬೇರೆ ಕಾರಣ ನನಗೆ ತೋಚಿಲ್ಲ.

ಎರಡು ಕಾಲಿನ ಮುಖಂಡರನ್ನು ಗುರುತಿಸುವುದು ಸುಲಭ. ಕಾರ್ಯಕ್ರಮಕ್ಕೆ ತಡವಾಗಿ ಬರುವುದು ಮೊದಲ ಲಕ್ಷಣ. ಬಂದ ಕೂಡಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಕನ್ನಡ ಸಾಲಿ ಮಾಸ್ತರರನ್ನು ಎಬ್ಬಿಸುವುದು ಎರಡನೆಯದು. ಮೈಕು ಹಿಡಿದು “ಎರಡ ಮಾತಿನಾಗ ಮುಗಸ್ತೀನಿ” ಎಂದು ಹೇಳಿ, ಅಡುಗೆಯವರು ಅನ್ನವನ್ನು ಎರಡನೇ ಸಲ ಬಿಸಿ ಮಾಡುವ ತನಕ ಮುಗಿಸದಿರುವುದು ಮೂರನೆಯದು. ಇನ್ನು ಹಾರದ ವಿಷಯ. ಹಾವೇರಿಯ ಏಲಕ್ಕಿ ಹಾರ ದೇಶದ ದೊಡ್ಡ ದೊಡ್ಡವರ ಕೊರಳು ಕಂಡದ್ದು. ಬೆಲೆಯೂ ಅದಕ್ಕೆ ತಕ್ಕಂತೆ ಇರುವುದರಿಂದ ವೇದಿಕೆಗೆ ಬರುವುದು ಒಂದೇ. ಅದು ಒಬ್ಬರ ಕೊರಳಿಗೆ ಬಿದ್ದರೆ ಪಕ್ಕದವರಿಗೆ ಚೆಂಡು ಹೂವೇ ಗತಿ. ಚೆಂಡು ಹೂವಿನವರು ಮನೆಗೆ ಹೋಗಿ ಮರುವರ್ಷ ಬೇರೆ ಸಂಘ ಕಟ್ಟುತ್ತಾರೆ. ನಮ್ಮಲ್ಲಿ ಸಂಘಗಳು ಒಡೆಯುವುದು ತತ್ತ್ವಕ್ಕಲ್ಲ, ಹಾರಕ್ಕೆ.

ಇವರೆಲ್ಲ ಬ್ಯಾಡಗಿ ಮೆಣಸಿನಕಾಯಿ ಇದ್ದಂತೆ, ಬಣ್ಣ ಬಹಳ, ಖಾರ ಕಡಿಮೆ ಎಂದು ಒಮ್ಮೆ ನಮ್ಮ ದೊಡ್ಡ ಕಾಕಾನ ಮುಂದೆ ಜಾಣತನ ತೋರಿಸಿದೆ. ಕಾಕಾಗೆ ಸಿಟ್ಟು ಬಂತು. “ಮೆಣಸಿನಕಾಯಿಗೆ ಯಾಕ ಬೈತಿ? ಅದರ ಬಣ್ಣ ಸಾರಿಗೆ ಹೋಗತೈತಿ. ಇವರ ಬಣ್ಣ ಇವರ ಮಾರಿ ಮ್ಯಾಲ ಉಳಿತೈತಿ” ಅಂದರು.

ಈ ಕಾಕಾ ಒಂದು ಸಲವೂ ಚುನಾವಣೆಗೆ ನಿಂತವರಲ್ಲ. ಆದರೆ ನಿಂತವರೆಲ್ಲ ಅವರ ಕಟ್ಟೆಗೆ ಬಂದು ಕುಂತವರೇ. ಓಣಿಯಲ್ಲಿ ಮದುವೆ, ಮನೆ ಕಟ್ಟುವುದು, ಬೇಲಿಯ ಜಗಳ, ಅಣ್ತಮ್ಮರ ಪಾಲು, ಏನೇ ಇರಲಿ, ಹಿರೇತನ ಅವರದೇ. ಪಗಾರವಿಲ್ಲ, ಫೋಟೊ ಇಲ್ಲ, ಚೆಂಡು ಹೂವೂ ಇಲ್ಲ.

ನನ್ನ ತಮ್ಮನ ಮಗಳ ಮದುವೆಗೆ ಬೆಂಗಳೂರಿನಿಂದ ಅಕ್ಕನ ಮಗ ಬಂದ. ಕಂಪನಿಯಲ್ಲಿ ಅವನನ್ನು ಆಗಷ್ಟೇ ಟೀಮ್ ಲೀಡರ್ ಮಾಡಿದ್ದರು. ಮಾಡಿದ ಮೇಲೆ ಇವನಿಗೆ ಲೀಡರ್‌ಗಿರಿ ಬರುವುದಿಲ್ಲ ಎಂಬ ಅನುಮಾನವೂ ಅವರಿಗೇ ಬಂದಿರಬೇಕು. ಒಂದು ರೆಸಾರ್ಟಿಗೆ ಕಳಿಸಿ ತರಬೇತಿ ಕೊಡಿಸಿದ್ದರು. ಅಲ್ಲಿ ಬಲೂನು ಊದಿಸಿದರಂತೆ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರಂತೆ. “ಹಿಂದ ನಿಂತವರು ಹಿಡೀತಾರ ಅಂತ ನಂಬಿ ಅಂಗಾತ ಬೀಳಬೇಕು ಅಜ್ಜಾ” ಎಂದ. ಕಾಕಾ ಕೇಳಿ, “ಅದನ್ನ ಕಲಿಯಾಕ ರೊಕ್ಕ ಯಾಕ ಕೊಟ್ಟ್ರಿ? ಒಂದ ಸಲ ಸೊಸಾಯಿಟಿ ಎಲೆಕ್ಷನ್‌ಗೆ ನಿಂತಿದ್ರ ಹಿಂದಿನವರು ಹೆಂಗ ಹಿಡೀತಾರ ಅನ್ನೋದು ಪುಕ್ಕಟ ತಿಳೀತಿತ್ತು” ಎಂದರು. ಅಳಿಯ ನೋಟ್‌ಬುಕ್ ತೆಗೆದ. ಮದುವೆ ಮುಗಿಯುವವರೆಗೆ ಅದು ಅವನ ಕೈಬಿಡಲಿಲ್ಲ.

ಅವನು ಮೊದಲು ಬರೆದುಕೊಂಡದ್ದು ಕಾಕಾನ ತಿರುಗಾಟವನ್ನು. ಮದುವೆಗೆ ವಾರ ಇರುವಾಗ ಕಾಕಾ ಹೆಗಲಿಗೆ ಟವೆಲ್ ಹಾಕಿಕೊಂಡು ಮನೆಮನೆಗೆ ಹೊರಟರು. ಎಲ್ಲ ಕಡೆ ಒಂದೇ ಪ್ರಶ್ನೆ: “ಹಂದರ ಎಲ್ಲಿ ಹಾಕಸೂಣು, ಬುಂದೆ ಮಾಡಸೂಣೋ ಹೋಳಿಗಿ ಮಾಡಸೂಣೋ, ನೀವ ಏನಂತೀರಿ?” ಹಂದರದವನಿಗೆ ಮುಂಗಡ ಕೊಟ್ಟಾಗಿತ್ತು, ಹೋಳಿಗೆಗೆ ಬೇಳೆ ತಂದಾಗಿತ್ತು. ಅಳಿಯನಿಗೆ ಇದು ಮೋಸ ಅನ್ನಿಸಿತು. ನನಗೆ ಅನ್ನಿಸಲಿಲ್ಲ, ಯಾಕೆಂದರೆ ನಮ್ಮೂರಿನ ಜಗಳಗಳ ಮೂಲ ನನಗೆ ಗೊತ್ತು. ಹೆಣ್ಣು, ಹೊನ್ನು, ಮಣ್ಣು ಅನ್ನುವುದೆಲ್ಲ ಪುರಾಣದ ಮಾತು. ಇಲ್ಲಿ ಜಗಳ ಹುಟ್ಟುವುದು “ನನಗ ಒಂದ ಮಾತ ಕೇಳಲಿಲ್ಲ” ಎಂಬಲ್ಲಿಂದ. ಕೇಳಿದ್ದರೆ ಇವರು ಬೇಡ ಅನ್ನುತ್ತಿದ್ದರೇ? ಇಲ್ಲ. ಸಹಾಯಕ್ಕೆ ಬರುತ್ತಿದ್ದರೇ? ಅದೂ ಇಲ್ಲ. ಆದರೆ ಕೇಳದಿದ್ದರೆ ಹತ್ತು ವರ್ಷ ಆ ಮನೆಯ ನೀರು ಕುಡಿಯುವುದಿಲ್ಲ.

ಕಾಕಾನ ಕೇಳುವಿಕೆ ಬರೀ ಉಪಾಯ ಎಂದು ನಾನೂ ತಿಳಿದಿದ್ದೆ. ಆದರೆ ಓಣಿಯ ತುದಿಯ ಮುದುಕಿಯೊಬ್ಬಳು, “ಒಲಿ ಪಡುವಲಕ್ಕ ಹೂಡಬ್ಯಾಡ್ರೋ ಯಪ್ಪಾ, ಈಗಿನ ಗಾಳಿಗೆ ಹೊಗಿ ಎಲ್ಲಾ ಹಂದರಕ್ಕ ಬರತೈತಿ” ಅಂದಳು. ಕಾಕಾ ಅಲ್ಲಿಂದಲೇ ತಿರುಗಿ ಬಂದು ಹೂಡಿದ್ದ ಒಲೆ ಕೆಡವಿಸಿ ಮೂಡಲಕ್ಕೆ ಹೂಡಿಸಿದರು. ಅಕ್ಷತೆಯ ಹೊತ್ತಿಗೆ ಪಡುವಲ ಕಡೆಯಿಂದ ಗಾಳಿ ಎದ್ದಾಗ, ಮದುಮಗಳ ಕಣ್ಣಲ್ಲಿ ಬಂದ ನೀರು ತವರು ಬಿಡುವ ದುಃಖದ್ದೇ ಆಗಿತ್ತು, ಹೊಗೆಯದಲ್ಲ. ಕೇಳುವ ಚಟ ಹತ್ತಿದವರಿಗೆ ಆಗೊಮ್ಮೆ ಈಗೊಮ್ಮೆ ಉತ್ತರವೂ ಕಿವಿಗೆ ಬೀಳುತ್ತದೆ.

ಈ ಊರಿಗೆ ಹಿರೇತನದ ಬೇರೆ ಪಾಠಗಳೂ ಇವೆ. ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರು ಸ್ವಾತಂತ್ರ್ಯ ಹೋರಾಟ, ಕರ್ನಾಟಕ ಏಕೀಕರಣ ಎಲ್ಲದರಲ್ಲೂ ಓಡಾಡಿದವರು. ಹಾವೇರಿಯ ಕಾಲೇಜಿಗೆ ಅವರ ಹೆಸರಿದೆ. ಮುಂದೆ ವಿಧಾನ ಪರಿಷತ್ತಿನ ಸಭಾಪತಿಯೂ ಆದರು. ಸಭಾಪತಿಯ ಕುರ್ಚಿಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಎಲ್ಲರಿಗಿಂತ ಎತ್ತರದಲ್ಲಿ ಕೂತು, ಉಳಿದವರಿಗೆ ಮಾತಾಡಲು ಬಿಟ್ಟು, ತಾನು ಸುಮ್ಮನಿರುವ ಕೆಲಸ ಅದು. ನಮ್ಮ ಫ್ಲೆಕ್ಸಿನವರನ್ನು ತಲಾ ಒಂದು ದಿನ ಅಲ್ಲಿ ಕೂಡ್ರಿಸಿದರೆ ಅರ್ಧಕ್ಕರ್ಧ ಜನ ಸಂಜೆಯೊಳಗೆ ರಾಜೀನಾಮೆ ಕೊಡುತ್ತಾರೆ.

ಇನ್ನೊಂದು ಪಾಠ ಹಾಸ್ಯದ್ದಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಗೆ ನಡೆದವರ ಸಾಲಿನಲ್ಲಿದ್ದರು. ಕರ್ನಾಟಕದಿಂದ ಹೋದವರು ಅವರೊಬ್ಬರೇ, ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ಮುಂದೆ ನಡೆಯುತ್ತಿದ್ದ ಮುದುಕನಿಗೆ ಅರವತ್ತು ದಾಟಿತ್ತು. ಮಾರ್ಚ್ 12ಕ್ಕೆ ಹೊರಟು ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು. ದಾರಿಯಲ್ಲಿ ಎಲ್ಲರೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು ಎಂಬ ಕಟ್ಟಳೆ. ಗಾಂಧೀಜಿಗೆಂದು ಒಂದು ಕುದುರೆ ಇತ್ತು. ಅವರು ಅದನ್ನು ಹತ್ತಲಿಲ್ಲ.

ಆ ನಡಿಗೆಯ ಒಂದು ಸಂಗತಿ ನನಗೆ ಉಪ್ಪಿಗಿಂತ ರುಚಿ. ಸೂರತ್ ಸಮೀಪದ ಭಾಟಗಾಮದಲ್ಲಿ ಮಾರ್ಚ್ 29ರಂದು ಗಾಂಧೀಜಿ ತಮ್ಮ ತಂಡವನ್ನೇ, ತಮ್ಮನ್ನೂ ಸೇರಿಸಿ, ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಸೂರತ್ತಿನಿಂದ ಲಾರಿಯಲ್ಲಿ ಹಾಲು ತರಿಸಿದ್ದು ಒಂದು ಸಿಟ್ಟು. ರಾತ್ರಿಯ ನಡಿಗೆಗೆ ಬೆಳಕೆಂದು ಒಬ್ಬ ಕೂಲಿಯವನ ತಲೆಯ ಮೇಲೆ ಭಾರದ ಗ್ಯಾಸಬತ್ತಿ ಹೊರಿಸಿ ಅವನನ್ನು ಬೇಗ ಬೇಗ ನಡೆ ಎಂದು ದಬ್ಬಿದ್ದು ಇನ್ನೊಂದು. ಎದುರಿಗೆ ಬ್ರಿಟಿಷ್ ಸಾಮ್ರಾಜ್ಯವಿತ್ತು, ಪತ್ರಕರ್ತರ ಕಣ್ಣಿತ್ತು. ಆ ಗದ್ದಲದ ನಡುವೆ ನಾಯಕನ ಕಣ್ಣು ದೀಪ ಹೊತ್ತವನ ಕುತ್ತಿಗೆಯ ಮೇಲಿತ್ತು.

ಅಲ್ಲಿ ನಡೆದು ಬಂದ ಮಹಾದೇವಪ್ಪ ಕೊರಡೂರಿನಲ್ಲಿ ಆಶ್ರಮ ಕಟ್ಟಿದರು, 1942ರ ಚಳವಳಿಯಲ್ಲಿ ಭೂಗತರಾದರು. 1943ರ ಏಪ್ರಿಲ್ 1ರಂದು ನಮ್ಮೂರಿನ ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದ ಸರಕಾರಿ ಕಂದಾಯದ ಹಣ ವಶಪಡಿಸಿಕೊಳ್ಳಲು ಬಂದರು. ಪೊಲೀಸರ ಗುಂಡಿಗೆ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಬಲಿಯಾದರು. ಇಂದು ಹಾವೇರಿಯ ರೈಲ್ವೆ ನಿಲ್ದಾಣಕ್ಕೆ ಮಹಾದೇವಪ್ಪನವರ ಹೆಸರಿದೆ. ಮುಂದಿನ ಸಾಲು ಅಂದರೆ ಆ ಕಾಲಕ್ಕೆ ಮೊದಲ ಗುಂಡು ಬೀಳುವ ಜಾಗ. ಅಲ್ಲಿ ಯಾರನ್ನೂ ಎಬ್ಬಿಸಿ ಕೂಡುವ ಪ್ರಮೇಯವೇ ಇರಲಿಲ್ಲ.

ಇದನ್ನೆಲ್ಲ ಅಳಿಯನಿಗೆ ನಾನು ಹೇಳಿದ್ದು ಮದುವೆಯ ಹಿಂದಿನ ರಾತ್ರಿ, ಮೆರವಣಿಗೆಯಲ್ಲಿ. ಹೇಳಿದ್ದು ಅರ್ಧ, ಕೂಗಿದ್ದು ಅರ್ಧ, ಮುಂದೆ ಡಿಜೆ ಇತ್ತಲ್ಲ. ಈಗ ಗ್ಯಾಸಬತ್ತಿ ಹೋಗಿ ಬಣ್ಣದ ಲೈಟುಗಳು ಬಂದಿವೆ. ಅವನ್ನು ಹೊತ್ತ ಹುಡುಗರ ಸಾಲು, ಹಿಂದೆ ಗಾಡಿಯಲ್ಲಿ ಜನರೇಟರ್. ಮದುಮಗನ ಗೆಳೆಯರು ಕುಣಿದು ಕುಣಿದು ಒಂದೇ ಜಾಗದಲ್ಲಿ ಬೇರು ಬಿಟ್ಟಿದ್ದರು. ಲೈಟಿನ ಹುಡುಗರು ಹೊತ್ತೇ ನಿಂತಿದ್ದರು. ಕಾಕಾ ಎಲ್ಲಿಂದಲೋ ನುಗ್ಗಿ ಬಂದು ಆ ಸಾಲಿನ ಪ್ರತಿಯೊಬ್ಬನನ್ನೂ ಕೇಳಿದರು: “ಉಂಡ್ಯೇನ ತಮ್ಮಾ?” ಒಬ್ಬರೂ ಉಂಡಿರಲಿಲ್ಲ. ಕಾಕಾ ಡಿಜೆ ನಿಲ್ಲಿಸಿದರು. “ಲೈಟಿನವರು ಉಂಡ ಬರೂತನಕ ಎಲ್ಲಾರೂ ಸುಮ್ಮ ಕುಂದರ್ರಿ” ಎಂದರು. ಬೀಗರ ಕಡೆಯ ಒಬ್ಬರು, ಹೆಸರಿನ ಹಿಂದೆ ಮುಖಂಡರು ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿಕೊಂಡವರು, ಮೆರವಣಿಗೆ ನಿಲ್ಲಿಸಿದ್ದಕ್ಕೆ ಮುನಿಸಿಕೊಂಡರು. ಅವರ ಮುನಿಸಿನ ಕಾರಣವನ್ನು ಓದುಗರೇ ಊಹಿಸಬಲ್ಲರು: ಅವರನ್ನು ಒಂದು ಮಾತು ಕೇಳಿರಲಿಲ್ಲ. ಕಾಕಾ ಅವರ ಕೈ ಹಿಡಿದು, “ಖರೆ, ನಿಮ್ಮನ್ನ ಮೊದಲ ಕೇಳಬೇಕಿತ್ತು. ಈಗ ಕೇಳ್ತೀನಿ, ಈ ಹುಡುಗ್ರು ಉಣ್ಣಲ್ಯೋ ಬ್ಯಾಡೋ, ಹೇಳ್ರಿ” ಅಂದರು. ಸುತ್ತಲೂ ಎರಡು ಊರಿನ ಜನ. ಮುಖಂಡರು ಉಣ್ಣಲಿ ಎಂದರು. ಮರುದಿನ ಆ ಒಳ್ಳೆಯ ಕೆಲಸ ತಮ್ಮದೇ ತೀರ್ಮಾನ ಎಂದು ಹೇಳಿಕೊಂಡು ಓಡಾಡಿದರು. ಕಾಕಾ ಹೌದು ಹೌದು ಎಂದು ಸಾಕ್ಷಿ ನುಡಿದರು.

ಕೆಲವು ತಿಂಗಳ ಮೇಲೆ ಅಳಿಯ ಮತ್ತೆ ಬಂದ. ಲ್ಯಾಪ್‌ಟಾಪ್ ತೆರೆದು ಆಫೀಸಿನಲ್ಲಿ ತಾನು ಮಾಡಿದ ಪ್ರೆಸೆಂಟೇಷನ್ ತೋರಿಸಿದ. ಮೊದಲ ಸ್ಲೈಡಿನಲ್ಲೇ ಟವೆಲ್ ಹಾಕಿಕೊಂಡ ಕಾಕಾ. ಮನೆಮನೆ ತಿರುಗಿದ್ದು ‘ಸ್ಟೇಕ್‌ಹೋಲ್ಡರ್ ಕನ್ಸಲ್ಟೇಷನ್’ ಆಗಿತ್ತು, ಒಲೆ ಕೆಡವಿಸಿದ್ದು ‘ಫೀಡ್‌ಬ್ಯಾಕ್’, ಲೈಟಿನ ಹುಡುಗರಿಗೆ ಉಣಿಸಿದ್ದು ‘ಎಂಪತಿ’. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ.

ಕಾಕಾ ಚಾಳೀಸು ಹಾಕಿಕೊಂಡು ಕೊನೆಯ ಸ್ಲೈಡಿನ ತನಕ ನೋಡಿದರು. “ಭಾಳ ಛಲೋ ಮಾಡಿ. ಆದರ ತಮ್ಮಾ, ಇದನ್ನ ಮಾಡೂಕಿಂತ ಮೊದಲ ನನಗ ಒಂದ ಮಾತ ಕೇಳಬೇಕಿತ್ತು” ಅಂದರು.

ಅಳಿಯ ನಕ್ಕ. ಕಾಕಾ ನಗಲಿಲ್ಲ. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಬೇಕೋ ಹಾಲು ಹಾಕಿಸಿಕೊಳ್ಳಬೇಕೋ ಎಂಬುದಕ್ಕೂ ಟೀಮ್ ಲೀಡರ್ ಅಜ್ಜನ ಅಭಿಪ್ರಾಯ ಕೇಳಿದ. ಅಜ್ಜ ಸ್ವಲ್ಪ ವಿಚಾರ ಮಾಡಿ, ತುಪ್ಪದ ಗಿಂಡಿ ಹಿಡಿದ ಸೊಸೆಯನ್ನೂ ಹಾಲಿನ ಪಾತ್ರೆ ಹಿಡಿದ ಸೊಸೆಯನ್ನೂ ಒಮ್ಮೆ ನೋಡಿ, ಎರಡೂ ಹಾಕಿಸಿಕೋ ಎಂದರು.