ಸರಸ್ವತೀಪುರಂ ರಿಟ್ರೀವರ್

ಜಾತಿ ನಾಯಿ ಸಾಕಿದವರಿಂದ ನನಗೆ ಈವರೆಗೆ ಯಾವ ತೊಂದರೆಯೂ ಆಗಿಲ್ಲ. "ಯಾವುದು ಸಾರ್ ಇದು?" ಎಂದರೆ "ಲ್ಯಾಬ್" ಎನ್ನುತ್ತಾರೆ, ಮಾತು ಮುಗಿಯಿತು. ಬೀದಿ ನಾಯಿ ಸಾಕಿದವರೂ ಸರಳ ಜನ. "ಬೀದೀದು, ತಾನಾಗೇ ಬಂದು ಸೇರ್ಕೊಂಡ್ತು" ಎಂದು ನಕ್ಕು ಮುಂದೆ ಹೋಗುತ್ತಾರೆ. ಇವೆರಡರ ನಡುವೆ ಸಿಕ್ಕಿಕೊಂಡವರ ಪಾಡೇ ಬೇರೆ. ಮನೆಯ ಜಾತಿ ನಾಯಿ ಒಂದು ಗಳಿಗೆ ಗೇಟು ದಾಟಿದ್ದರ ಫಲವನ್ನು ಸಾಕುತ್ತಿರುವವರು ಇವರು. ಇವರನ್ನು "ಯಾವುದು?" ಎಂದು ಕೇಳಿದಿರೋ, ಅವತ್ತಿನ ಹಾಲು ಒಡೆಯುತ್ತದೆ, ತರಕಾರಿ ಬಾಡುತ್ತದೆ.

ನಮ್ಮ ಎದುರುಮನೆ ರಾಯರು ಈ ಪಂಗಡದವರು. ಮಗ ಬೆಂಗಳೂರಿನಿಂದ ತಂದುಕೊಟ್ಟ ಡಯಾನಾ ಎಂಬ ಲ್ಯಾಬ್ರಡಾರ್ ಅವರಲ್ಲಿತ್ತು. ಅಜ್ಜ ಮುತ್ತಜ್ಜಂದಿರ ಹೆಸರಿದ್ದ ಅದರ ಕಾಗದಪತ್ರ ಮನೆಯ ಕ್ರಯಪತ್ರದ ಜೊತೆ ಬೀರುವಿನಲ್ಲಿತ್ತು. ಗೋಕುಲಂನಲ್ಲಿ ಒಂದು ಗಂಡೂ ಗೊತ್ತಾಗಿತ್ತು. ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು ತೊಳೆಯುವುದಕ್ಕೆ ಗೇಟು ತೆರೆದರು. ಬೂದುಗುಂಬಳ ಒಡೆಯುವ ಗಲಾಟೆಯಲ್ಲಿ ಡಯಾನಾ ಹೊರಗೆ ಹೋದದ್ದನ್ನು ಯಾರೂ ನೋಡಲಿಲ್ಲ. ನಾಯಿಯ ಬಸಿರು ಸುಮಾರು 63 ದಿನ. ಧನುರ್ಮಾಸದ ಚಳಿಯಲ್ಲಿ ಆರು ಮರಿ ಹುಟ್ಟಿದವು. ಒಂದರ ಹಾಗೆ ಇನ್ನೊಂದಿಲ್ಲ. ನೋಡಲು ಬಂದ ಡಾಕ್ಟರು, ನಾಯಿಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಒಂದಕ್ಕಿಂತ ಹೆಚ್ಚು ಅಪ್ಪಂದಿರು ಇರುವುದುಂಟು ಎಂದು ವಿವರಿಸಲು ಹೊರಟರು. ರಾಯರು ಅಡುಗೆಮನೆಯ ಕಡೆ ನೋಡಿ, "ಸ್ವಲ್ಪ ಮೆತ್ತಗೆ ಹೇಳಿ ಡಾಕ್ಟ್ರೇ" ಎಂದರು.

ಐದನ್ನು ಯಾರ್‍ಯಾರೋ ಒಯ್ದರು. ಉಳಿದದ್ದಕ್ಕೆ ಲ್ಯಾಬ್ರಡಾರಿನ ದಪ್ಪ ತಲೆ, ಗಿಡ್ಡ ಕಾಲು, ಮೈಮೇಲೆ ಹುಲಿಪಟ್ಟೆ, ಸುರುಳಿ ಬಾಲ. ಒಂದು ಕಿವಿ ನೆಟ್ಟಗೆ ನಿಂತಿದೆ, ಇನ್ನೊಂದು ಮಡಿಸಿಕೊಂಡು ಬಿದ್ದಿದೆ. ಈ ಒಂದೊಂದು ಅಂಗಕ್ಕೂ ರಾಯರ ಬಳಿ ಒಂದೊಂದು ವಂಶವಿದೆ. ನಿಂತ ಕಿವಿ ಆಲ್ಸೇಷಿಯನ್ನಿನದು, ಕಾಲು ಡ್ಯಾಶ್‌ಹೌಂಡಿನದು, ಸೊಂಟ ಮುಧೋಳದ್ದು. ಮುಧೋಳ ಎಂದ ಮೇಲೆ ಆ ಊರಿನ ರಾಜ ಮಾಲೋಜಿರಾವ್ ಘೋರ್ಪಡೆ ಆ ತಳಿಯನ್ನು ಉಳಿಸಿದ್ದು, ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟಿದ್ದು, 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ನಾಲ್ಕು ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇದ್ದದ್ದು, ಎಲ್ಲ ಬರುತ್ತದೆ. ಅಂಚೆಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸುತ್ತಾರೆ. ಪಕ್ಕದಲ್ಲೇ ಅವರ ಗಿಡ್ಡ ಕಾಲಿನದು ಕೂತು ನನ್ನ ಎಡಗಾಲಿನ ಚಪ್ಪಲಿ ಅಗಿಯುತ್ತಿರುತ್ತದೆ.

ರೇಬಿಸ್ ಇಂಜೆಕ್ಷನ್ನಿನ ಕಾರ್ಡಿನಲ್ಲಿ ತಳಿಯ ಜಾಗದಲ್ಲಿ ಯಾರೋ 'ಎನ್.ಡಿ.' ಎಂದು ಗೀಚಿದ್ದರು. ನಾನ್‌ಡಿಸ್ಕ್ರಿಪ್ಟ್, ಅಂದರೆ ಇಂಥದ್ದೇ ಎಂದು ಹೇಳಲು ಬಾರದ್ದು. ರಾಯರು ಪಾರ್ಕಿನಲ್ಲಿ ಎಲ್ಲರಿಗೂ ಅದನ್ನು 'ನ್ಯಾಷನಲ್ ಡಾಗ್' ಎಂದು ಬಿಡಿಸಿ ಹೇಳಿದರು. ಆಮೇಲೆ ಎಲ್ಲಿಂದಲೋ ಲ್ಯಾಬ್ರಡೂಡಲ್ ವಿಷಯ ಸಿಕ್ಕಿತು. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್, ಕುರುಡರಿಗೆ ದಾರಿ ತೋರಿಸುವ ನಾಯಿ ಬೇಕೆಂದು ಲ್ಯಾಬ್ರಡಾರನ್ನು ಪೂಡಲ್ ಜೊತೆ ಕೂಡಿಸಿದ. "ಅದೂ ಬೆರಕೆಯೇ ತಾನೇ? ಹೆಸರು ಇಟ್ಟರು, ಜಾತಿ ಆಯ್ತು. ಇದು ಸರಸ್ವತೀಪುರಂ ರಿಟ್ರೀವರ್" ಎಂದು ಘೋಷಿಸಿದರು. ಕಾನ್ರನ್ನೇ ಮುಂದೆ ತಾನು ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ತಳಿಗೆ ಹೆಸರಾಯಿತು, ನಾಯಿಗೆ ಆಗಲಿಲ್ಲ. 2022ರಲ್ಲಿ '777 ಚಾರ್ಲಿ' ಬಂದ ಮೇಲೆ ನಮ್ಮ ಬೀದಿಯಲ್ಲಿ ಚಾರ್ಲಿ ಎಂದು ಕೂಗಿದರೆ ಮೂರು ಕಾಂಪೌಂಡಿನಿಂದ ಉತ್ತರ ಬರುತ್ತದೆ, ಹಾಗಾಗಿ ಆ ಹೆಸರು ಬೇಡವಾಯಿತು. ರಾಯರು ಮೇಜರ್ ಎಂದರು, ಅವರ ಮನೆಯವರು ಪುಟ್ಟ ಎಂದರು, ಮೊಮ್ಮಗಳು ಸಿಂಬಾ ಎಂದಳು. ನನ್ನ ಸಲಹೆ ಕೇಳಿದರು. ಕೇಳಿದರೆ ಬಿಡುವ ಜಾತಿ ನನ್ನದೂ ಅಲ್ಲ. ದೇವಲೋಕದ ನಾಯಿ ಸರಮೆಯ ಮಕ್ಕಳಾದ್ದರಿಂದ ಸಾರಮೇಯ ಎಂದು ಶುರುಮಾಡಿ, ದತ್ತಾತ್ರೇಯನ ಕಾಲ ಬಳಿಯ ನಾಲ್ಕು ನಾಯಿ ನಾಲ್ಕು ವೇದ ಎಂಬಲ್ಲಿಗೆ ಬಂದಾಗ ಅವರು ಆಕಳಿಸಿದರು. ತೇಜಸ್ವಿಯವರ ನಾಯಿಯ ಹೆಸರಾದ 'ಕಿವಿ'ಯನ್ನು ಸೂಚಿಸಿದೆ. "ಯಾವ ಕಿವಿ? ಎದ್ದದ್ದೋ ಬಿದ್ದದ್ದೋ?" ಎಂದರು.

ಆ ನಾಯಿ ಓಗೊಡುವುದು ಒಂದಕ್ಕೇ. ಮರಿಯಾಗಿದ್ದಾಗ ಇಡೀ ಬೀದಿ ತನ್ನನ್ನು ಕರೆದ ರೀತಿ ಅದಕ್ಕೆ ನೆನಪಿದೆ. "ಹಚಾ!" ಎಂದರೆ ಎಲ್ಲಿದ್ದರೂ ಬಾಲ ಅಲ್ಲಾಡಿಸುತ್ತಾ ಓಡಿ ಬಂದು ಮೈಮೇಲೆ ಎರಡು ಕಾಲು ಇಡುತ್ತದೆ. ಓಡಿಸಿದಷ್ಟೂ ಹತ್ತಿರ ಬರುವ ನಾಯಿಯ ಎದುರು ಬಿಳಿ ಪಂಚೆ ಉಟ್ಟುಕೊಂಡು ಬದುಕುವುದು ಹೇಗೆಂದು ನನ್ನನ್ನು ಕೇಳಿ.

ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನು, ತಳಿಯ ಈ ಹುಚ್ಚನ್ನು ಬಿಡಿಸೋಣವೆಂದು ಒಂದು ಸಂಜೆ ಆತಕೂರು ಶಾಸನ ತೆಗೆದೆ. ಮಂಡ್ಯ ಜಿಲ್ಲೆಯದು, ಕ್ರಿ.ಶ. 949-50ರ ಹೊತ್ತಿನದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಗಂಗರ ಬೂತುಗನ ಕಡೆಯ ವೀರ ಮಣಲೇರ, ದೊರೆ ಏನು ಬೇಕು ಕೇಳು ಎಂದಾಗ ಊರು ಕೇರಿ ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಕಲ್ಲನ್ನು ಪೂಜಿಸದೆ ಉಂಡರೆ ಅಲ್ಲಿನ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ಎಂದೂ ಬರೆಸಿದರು. "ನೋಡಿ ರಾಯರೇ, ನಾಯಿಯ ಹೆಸರಿದೆ, ಮಾಡಿದ ಕೆಲಸವಿದೆ. ಅಪ್ಪ ಯಾರು ಅಂತ ಒಂದಕ್ಷರ ಇದೆಯಾ?" ಎಂದೆ.

ರಾಯರು ಬಹಳ ಹೊತ್ತು ಸುಮ್ಮನಿದ್ದರು. ಮನಸ್ಸಿಗೆ ತಟ್ಟಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಯಾರಿಗೋ ಹೇಳುತ್ತಿದ್ದರು: "ಅಪ್ಪನ ಕಡೆಯಿಂದ ಮಂಡ್ಯದ್ದು. ಗಂಗರ ಕಾಲದ ತಳಿ. ನಮ್ಮ ಎದುರುಮನೆ ಮೇಷ್ಟ್ರೇ ಶಾಸನ ತೋರಿಸಿದ್ರು." ಈಗ ನಾಯಿಗೆ ಹಾಕದೆ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಅವರ ಮನೆಯವರು ನನ್ನನ್ನು ನೋಡುವ ದೃಷ್ಟಿಯೇ ಬದಲಾಗಿದೆ.

ಇಷ್ಟೆಲ್ಲ ಕಾಡಿದರೂ ಆ ಮನುಷ್ಯನ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಮಗಳಿಗೆ ಗೋತ್ರ, ಸೂತ್ರ, ನಕ್ಷತ್ರ ಹುಡುಕುತ್ತಿದ್ದ ಕಾಲದಲ್ಲಿ ಅವಳೇ ಬೇರೆ ಜಾತಿಯ ಹುಡುಗನನ್ನು ಒಪ್ಪಿಕೊಂಡು ಬಂದಿದ್ದಳು. ಬಹಳ ದಿನ ಅಳಿಯನ ಜೊತೆ ಅವರ ಮಾತು "ಕಾಫಿ ಆಯ್ತಾ?" ಎಂಬಲ್ಲಿಗೆ ನಿಲ್ಲುತ್ತಿತ್ತು. ಒಂದು ಯುಗಾದಿಗೆ ಬಂದ ಅಳಿಯ, ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಉಣ್ಣೆ ಕೀಳುತ್ತಾ, "ಮಾವ, ಈ ಎದೆ ನೋಡಿ, ಪಕ್ಕಾ ಮುಧೋಳ" ಎಂದುಬಿಟ್ಟ. ಅವತ್ತು ರಾತ್ರಿ ಹನ್ನೊಂದರವರೆಗೆ ಜಗಲಿಯಲ್ಲಿ ಇಬ್ಬರ ಮಾತು ಕೇಳುತ್ತಿತ್ತು. ಹುಡುಗ ಸುಳ್ಳು ಹೇಳಿದನೋ ನಿಜವಾಗಿ ನಂಬಿದನೋ ತಿಳಿಯದು. ಕೇಳುವುದು ನನಗೂ ಬೇಡ.

ಈ ವರ್ಷ ಗೇಟಿಗೆ ಬೀಗವಿತ್ತು, ಹಿಂದಿನ ಗೋಡೆ ಮಾತ್ರ ಗಿಡ್ಡವಿತ್ತು. ಡಯಾನಾ ಮತ್ತೆ ಐದು ಹಾಕಿದೆ. ಇನ್ನು ಸಾಕೆಂದು ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದಾರೆ. ಮೂರು ಮರಿಗೆ ಮನೆ ಸಿಕ್ಕಿದೆ, ಎರಡು ಉಳಿದಿವೆ, ಎರಡೂ ಹೆಣ್ಣು. ಬೇಕಾದವರು ದಯವಿಟ್ಟು ಬಂದು ಒಯ್ಯಿರಿ, ದುಡ್ಡು ಕೊಡುವುದು ಬೇಡ. ರಾಯರ ಮನೆಯ ಕಾಫಿ ಚೆನ್ನಾಗಿರುತ್ತದೆ. ತಳಿ ಯಾವುದೆಂದು ಕೇಳದಿದ್ದರೆ ಅರ್ಧ ಗಂಟೆಯಲ್ಲಿ ಹೊರಡಬಹುದು.