ಹಾರ್ಡ್ ಬೈಂಡಾ, ಸ್ಪೈರಲ್ಲಾ?

ಪದವಿಯ ಕೊನೆಯ ಸೆಮಿಸ್ಟರಿನ ಕಿರುಸಂಶೋಧನೆಗೆ ಮಲಹೊರುವ ಪದ್ಧತಿ ಬಲು ಅನುಕೂಲದ ವಿಷಯ: ಸಾಮಾಜಿಕ ನ್ಯಾಯ, ಅಪರಾಧ, ಆರೋಗ್ಯ ಮೂರೂ ಒಂದೇ ಮ್ಯಾನ್‌ಹೋಲಿನಲ್ಲಿ ಸಿಗುತ್ತವೆ. ಸಂಶೋಧನೆಯ ನಿರ್ಣಾಯಕ ಹಂತ ನಡೆಯುವುದು ಕಾಲೇಜಿನ ಎದುರಿನ ಶೇಷಣ್ಣನ ಜೆರಾಕ್ಸ್ ಅಂಗಡಿಯಲ್ಲಿ.

"ಶೇಷಣ್ಣ, ಗುಂಡಿ ಹತ್ರಾನೇ ಹೋಗಿ ಕೆಲಸದೋರನ್ನ ಮಾತಾಡಿಸ್ಬೇಕಂತೆ."

"ಯಾಕಮ್ಮಾ ಬಿಸಿಲಲ್ಲಿ? ಈ ಗುಂಡಿ ಒತ್ತಿದ್ರೆ ಹೋದ ವರ್ಷದ್ದೇ ಬರುತ್ತೆ. ಹೆಸರು ಬದಲಾಯಿಸ್ಕೋ."

"ಸರ್ಕಾರಿ ಕಚೇರೀಲೂ ಕೇಳ್ದೆ. 2013ರ ಕಾಯ್ದೆಯಲ್ಲೇ ನಿಷೇಧ ಆಗಿದೆ, ಆ ಕೆಲಸದಿಂದ ಯಾರೂ ಸತ್ತಿಲ್ಲ ಅಂದ್ರು. 2021ರಲ್ಲಿ ರಾಜ್ಯಸಭೆಗೂ ಸರ್ಕಾರ ಅದನ್ನೇ ಹೇಳಿತ್ತು."

"ಒಳ್ಳೇದಾಯ್ತು. ಪರಿಹಾರದ ದುಡ್ಡು ಉಳೀತು."

"ಎಲ್ಲಿ ಉಳೀತು? 10 ಲಕ್ಷ ಇದ್ದದ್ದನ್ನ ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷ ಮಾಡ್ತು."

"ಸಾಯದೇ ಇರೋರಿಗಾ?"

"ಸತ್ತೋರಿಗೇ ಅಣ್ಣ. ಅವರು ಸತ್ತಿದ್ದು ಒಳಚರಂಡಿಯ 'ಅಪಾಯಕಾರಿ ಶುಚಿಕಾರ್ಯ'ದಿಂದಂತೆ. ಅದು ಬೇರೆ ಕಾಲಂ."

"ಚರಂಡಿ ಒಂದೇ ತಾನೆ?"

"ಚರಂಡಿ ಒಂದೇ. ಕಾಲಂ ಎರಡು."

"ಸರಿ, ಉಪಸಂಹಾರ?"

"'ಹೆಚ್ಚಿನ ಸಂಶೋಧನೆ ಅಗತ್ಯ.'"

"ಅದು ಆಗ್ಲೇ ಟೈಪಾಗಿದೆ. ಹಾರ್ಡ್ ಬೈಂಡಾ, ಸ್ಪೈರಲ್ಲಾ?"

"ಮಾರ್ಕ್ಸ್ ಯಾವುದಕ್ಕೆ ಜಾಸ್ತಿ?"