ಬ್ಯಾಟರಿ ಡ್ರಿಲ್ಲು, ಓಣಿಯ ಬಹುಮತ

ಕೊಟ್ಟೂರಿನಲ್ಲಿ ಗೋಡೆಗೊಂದು ತೂತು ಹಾಕಬೇಕಾದರೆ ಓಣಿಯ ಬಹುಮತ ಬೇಕು. ದೇವರ ಫೋಟೊ ತೂಗುಹಾಕಲು ಹೊಸ ಬ್ಯಾಟರಿ ಡ್ರಿಲ್ಲು ಹಿಡಿದು ಸ್ಟೂಲು ಹತ್ತಿದ್ದೇ ತಡ, ಮಂಡಕ್ಕಿ-ಮಿರ್ಚಿ ಪೊಟ್ಟಣ ಸಮೇತ ಸಲಹಾ ಸಮಿತಿ ನೆರೆಯಿತು.

"ಹೆಗಲಮ್ಯಾಲಿನ ಟವೆಲ್ಲು ತೆಗೀರಿ ಮಾಮಾ, ಬಿಟ್ಟಿಗೆ ಸುತ್ಕೊಂತೈತಿ!"

ಮಾತು ನಿಜ. ಕೈಗವಸೂ ಸುತ್ತಿಕೊಳ್ಳುತ್ತದೆ, ಅದನ್ನೂ ಹಾಕಬಾರದು. ಕಣ್ಣಿಗೆ ಮಾತ್ರ ಸುರಕ್ಷಾ ಕನ್ನಡಕ ಬೇಕೇ ಬೇಕು. ಅದನ್ನೇರಿಸಿದ ನನ್ನ ಅವತಾರ ನೋಡಿ ಮನೆಯಾಕೆ, "ಬಾವಿಗೆ ಇಳೀತೀರೇನ್ರೀ?" ಎಂದಳು. ಬಿಟ್ಟು ಬದಲಿಸುವ ಮುನ್ನ ಬ್ಯಾಟರಿ ಕಳಚಬೇಕು. ಸ್ವಿಚ್ಚಿನ ನೇರಕ್ಕೆ ಮೇಲಾಗಲಿ ಕೆಳಗಾಗಲಿ ಕೊರೆಯಬಾರದು, ಒಳಗೆ ವೈರು ಓಡಿರುತ್ತದೆ. ಇಷ್ಟೆಲ್ಲ ನೇಮ ಮುಗಿಸಿ ಗುಂಡಿ ಒತ್ತಿದರೆ ಡ್ರಿಲ್ಲು ಗುರ್ ಅಂದಿತು, ನಮ್ಮಜ್ಜನ ಕಾಲದ ಕಲ್ಲಿನ ಗೋಡೆ ತುಟಿ ಪಿಟಕ್ಕೆನ್ನಲಿಲ್ಲ.

1971ರಲ್ಲಿ ಅಪೊಲೊ 15ರವರು ಚಂದ್ರನ ಮೇಲೂ ಬ್ಯಾಟರಿ ಡ್ರಿಲ್ಲನ್ನೇ ಹಿಡಿದಿದ್ದರು. ನೆಲದಲ್ಲಿ ಸಿಕ್ಕಿಕೊಂಡ ಕೊಳವೆ ಕೀಳಲು ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್ ಇಬ್ಬರೂ ಒದ್ದಾಡಬೇಕಾಯಿತು. ಪುಣ್ಯವಂತರು! ಕಟ್ಟೆ ಮೇಲೆ ಕೂತು "ಒಂಚೂರು ಎಡಕ್ಕ" ಅನ್ನುವವರು ಅಲ್ಲಿರಲಿಲ್ಲ.

ಇಲ್ಲಿ ಕೂಡ್ಲಿಗಿಯ ಅಳಿಯಂದಿರು ಹ್ಯಾಮರ್ ಡ್ರಿಲ್ಲೇ ಬೇಕೆಂದರು. ಹರಪನಹಳ್ಳಿಯ ಬೀಗರು ಉಳಿ ಸಾಕೆಂದರು. ಹಡಗಲಿಯವರೊಬ್ಬರು ಫೋಟೊ ಮೇಜಿನ ಮೇಲಿಟ್ಟರೂ ದೇವರು ದೇವರೇ ಅಂದರು. ಅಷ್ಟರಲ್ಲಿ ಕರೆಂಟು ಹೋಯಿತು. "ಇನ್ನ ಕೆಲಸ ಆದಂಗ ಬಿಡ್ರಿ" ಎಂದು ಸಮಿತಿ ಎದ್ದು ಹೊರಟಿತು. ಇದು ಬ್ಯಾಟರಿಯದು ಎಂದು ನಾನೂ ಬಾಯಿ ಬಿಡಲಿಲ್ಲ.